ಮುಖ ತೋರಿಸದ ಕಾಕಾಗೆ ಥ್ಯಾಂಕ್ಸ್

ಧಾರವಾಡದಿಂದ ಹುಬ್ಬಳ್ಳಿಗೆ ಹೊರಟ ಚಿಗರಿ ಬಸ್‌ನಲ್ಲಿ ಹೊಟ್ಟೆಗೆ ಮಲದ ಚೀಲ ಅಂಟಿಸಿಕೊಂಡು ಬದುಕುವವರ ಕುರಿತ ನಮ್ಮ ಕಿರುಚಿತ್ರದ ಮಾತು ಕೇಳಿ, ಹಿಂದಿನ ಸೀಟಿನಿಂದ "ನನಗೂ ಚೀಲ ಐತಿ ನೋಡ್ರಪಾ" ಎಂದ ಕಾಕಾ, ನಿಮಗೆ ನಮ್ಮ ತಂಡದ ಧನ್ಯವಾದ. ಹೆಸರು ಬೇಡ ಅಂದಿದ್ದೀರಿ, ಹಾಕಿಲ್ಲ.

ಕರುಳಿನ ಕ್ಯಾನ್ಸರ್‌ನಂಥ ಕಾಯಿಲೆ ಬಂದಾಗ ಹೊಟ್ಟೆಯ ಮೇಲೆ ದಾರಿ ಮಾಡಿ, ಮಲ ಚೀಲಕ್ಕೆ ಬರುವಂತೆ ಮಾಡುವುದು ಆಸ್ಟೊಮಿ. ಇಷ್ಟು ನಮಗೂ ಗೊತ್ತಿತ್ತು. ಉಳಿದದ್ದನ್ನು ನೀವು ಕ್ಯಾಮೆರಾ ಮುಂದೆ ಮಾಡಿಯೇ ತೋರಿಸಿದಿರಿ. "ಹೊಟ್ಟಿ ತೋರಸ್ರಿ, ಮುಖ ಬ್ಯಾಡ" ಅಂತ ಒಂದೇ ಷರತ್ತು. ಕೆನ್ನೆಯ ಒಳಭಾಗದಂತೆ ಕೆಂಪಗೆ, ಒದ್ದೆಯಾಗಿರುವ ಸ್ಟೋಮಾ, ಅಂದರೆ ಹೊಟ್ಟೆಯ ಮೇಲೆ ಮಾಡಿದ ಆ ದಾರಿಯ ಬಾಯಿ. ಮುಟ್ಟಿದರೆ ನೋವಿಲ್ಲ. ಚೀಲ ಅರ್ಧ ತುಂಬುವ ಮೊದಲೇ ಖಾಲಿ ಮಾಡಬೇಕು, ಇಲ್ಲವಾದರೆ ಭಾರಕ್ಕೆ ಅಂಟು ಬಿಡುತ್ತದೆ. ಸುತ್ತಲಿನ ಚರ್ಮವನ್ನು ನೀರಿನಿಂದ ತೊಳೆದು, ಪೂರ್ತಿ ಒಣಗಿದ ಮೇಲೆ ಹೊಸ ಚೀಲ. "ಎಣ್ಣಿ ಹಚ್ಚಿದ್ರ ಹಿಡಿಯಂಗಿಲ್ಲ" ಎಂದಿರಿ. ಇದನ್ನು ಯಾವ ನಟನಿಂದ ಮಾಡಿಸುವುದು, ಅಲ್ವಾ?

ಅಳುವ ದೃಶ್ಯ ಓದಿಸಿದಾಗ ನಕ್ಕಿರಿ. "ಇಷ್ಟ್ಯಾಕ ಅಳಸ್ತೀರಿ? ನಾ ದಿನಾ ಉಣಕಲ್ ಕೆರಿ ಕಡೆ ವಾಕಿಂಗ್ ಹೋಗ್ತೀನಿ." ಅಳು ಹೋಯಿತು, ವಾಕಿಂಗ್ ಬಂತು. ಸಿನಿಮಾ ಈಗ ಜಾಸ್ತಿ ಚೆನ್ನಾಗಿದೆ.

ಅಕ್ಟೋಬರ್ ಮೊದಲ ಶನಿವಾರ ವಿಶ್ವ ಆಸ್ಟೊಮಿ ದಿನ. ಅಂದೇ ತೋರಿಸುತ್ತೇವೆ. ಬನ್ನಿ ಕಾಕಾ, ಸುಮ್ನೆ ಹಿಂದಿನ ಸಾಲಿನಲ್ಲಿ ಕೂತರೂ ಸಾಕು. ಗಿರ್ಮಿಟ್ ನಮ್ಮ ಕಡೆಯಿಂದ, ಖಾರ ಕಡಿಮೆ ಹಾಕಿಸುತ್ತೇವೆ.