ಮೂರನೇ ಸಲಕ್ಕೆ ಪಾಸಾದೆ, ಥ್ಯಾಂಕ್ಸ್ ಹೇಳೋದಿದೆ

ಎಲ್ಲರಿಗೂ ನಮಸ್ಕಾರ. ಎಫ್‌ಎಂಜಿಇ ಪಾಸಾಯಿತು. ವಿದೇಶದಲ್ಲಿ ಮೆಡಿಕಲ್ ಓದಿದವರು ಇಲ್ಲಿ ಡಾಕ್ಟರ್ ಆಗಲು ಪಾಸು ಮಾಡಬೇಕಾದ ಪರೀಕ್ಷೆ ಅದು. ರಿಸಲ್ಟ್ ನೋಡಿ ಅಮ್ಮ ದೇವರ ಮುಂದೆ ದೀಪ ಹಚ್ಚಿದರು. ಅಪ್ಪ ಏನೂ ಮಾತಾಡದೆ ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತು ನಿಂತಿದ್ದು ಬಂದರು. ಎರಡು ಸಲ ಫೇಲಾದಾಗಲೂ ಇಬ್ಬರೂ ಹೇಳಿದ್ದು ಒಂದೇ ಮಾತು: "ಇನ್ನೊಂದು ಸಲ ಬರಿ."

ಅಪ್ಪ, ಅಮ್ಮ, ಅಕ್ಕ, ಫೀಸಿಗೆ ದುಡ್ಡು ಹೊಂದಿಸಿಕೊಟ್ಟ ಮಾವ, ಇವರಿಗೆಲ್ಲ ಮನೆಯಲ್ಲೇ ಕಾಲು ಮುಟ್ಟಿ ನಮಸ್ಕಾರ ಮಾಡಿದ್ದೇನೆ. ಇಲ್ಲಿ ಬರೆಯುತ್ತಿರುವುದು ದೂರದಲ್ಲಿರುವವರಿಗಾಗಿ. ಅವರಲ್ಲಿ ಒಬ್ಬನನ್ನು ನಾನು ಯಾವತ್ತೂ ಮಾತಾಡಿಸಿಲ್ಲ. ವಿಟಾಲಿ ಮಿಕೊಲೆಂಕೊ, ಉಕ್ರೇನ್‌ನ ಫುಟ್‌ಬಾಲ್ ತಂಡದ ಲೆಫ್ಟ್ ಬ್ಯಾಕ್, ಅಂದರೆ ಎಡಗಡೆ ಕಾಯುವ ಡಿಫೆಂಡರ್.

2018ರಲ್ಲಿ ಮೆಡಿಕಲ್ ಓದಲು ಕೀವ್‌ಗೆ ಹೋದೆ. ನಮ್ಮ ಹಾಸ್ಟೆಲ್ ಬಾಗಿಲಲ್ಲಿ ಒಬ್ಬ ಅಜ್ಜಿ ಕೂತಿರುತ್ತಿದ್ದರು. ಬೀಗದ ಕೈ ಅವರ ಹತ್ತಿರ, ಬೈಗುಳವೂ ಅವರ ಹತ್ತಿರ, ಜ್ವರ ಬಂದರೆ ಸೂಪೂ ಅವರದೇ. ಕೀವ್‌ನಿಂದ ಕೆಳಗೆ, ದ್ನಿಪ್ರೊ ನದಿ ದಂಡೆಯ ಚೆರ್ಕಾಸಿ ಅವರ ಊರು. ಮಿಕೊಲೆಂಕೊ ಹುಟ್ಟಿದ್ದೂ ಅಲ್ಲೇ, 1999ರ ಮೇ 29ರಂದು. ನಾನೂ ಅದೇ ವರ್ಷದವನು ಅಂತ ಗೊತ್ತಾದ ದಿನದಿಂದ ಅಜ್ಜಿಗೆ ಹೋಲಿಸಲು ಒಬ್ಬ ಸಿಕ್ಕಿದ. "ನಮ್ಮೂರ ಹುಡುಗ ಆಗಲೇ ಡೈನಮೊ ಕೀವ್‌ಗೆ ಆಡುತ್ತಾನೆ, ನೀನು ಇನ್ನೂ ಅನಾಟಮಿ ಪಾಸು ಮಾಡಿಲ್ಲ" ಅನ್ನುತ್ತಿದ್ದರು.

2019ರ ಅಕ್ಟೋಬರ್ 14. ಒಲಿಂಪಿಸ್ಕಿ ಸ್ಟೇಡಿಯಂನಲ್ಲಿ ಉಕ್ರೇನ್–ಪೋರ್ಚುಗಲ್ ಪಂದ್ಯ. ನಾವು ನಾಲ್ಕು ಜನ ಹೋಗಿದ್ದು ರೊನಾಲ್ಡೊನನ್ನು ನೋಡಲು. ಅವನು ಪೆನಾಲ್ಟಿಯಲ್ಲಿ ತನ್ನ 700ನೇ ಗೋಲು ಹೊಡೆದದ್ದನ್ನೂ ನೋಡಿದೆವು. ಆದರೆ ಗೆದ್ದದ್ದು ಉಕ್ರೇನ್, 2–1. ಎರಡನೇ ಗೋಲಿಗೆ ಎಡಗಡೆಯಿಂದ ನೆಲಕ್ಕಂಟಿದ ಹಾಗೆ ಕ್ರಾಸ್ ಕೊಟ್ಟವನು ಮಿಕೊಲೆಂಕೊ, ಒಳಗೆ ತಳ್ಳಿದವನು ಯಾರ್ಮೊಲೆಂಕೊ. ಆ ಗೆಲುವಿನಿಂದ ಉಕ್ರೇನ್ ಯೂರೊ ಕಪ್‌ಗೆ ಹೋಯಿತು. ಡಿಫೆಂಡರ್ ಮಾಡುವ ಕೆಲಸ ಟಿವಿಯಲ್ಲಿ ಕಾಣುವುದು ಕಡಿಮೆ. ಕ್ಯಾಮೆರಾ ಬಾಲ್ ಹಿಂದೆ ಓಡುತ್ತದೆ, ಅಲ್ವಾ? ಮೇಲಿನ ಸಾಲಿನಲ್ಲಿ ಕೂತವರಿಗೆ ಮಾತ್ರ ಅವನು ಮೇಲೆ ಓಡಿ, ಮತ್ತೆ ಅಷ್ಟೇ ದೂರ ವಾಪಸ್ ಓಡಿ, ತನ್ನ ಜಾಗ ಮುಚ್ಚುವುದು ಕಾಣುತ್ತದೆ. ಅವತ್ತಿನಿಂದ ನಾನು ನೋಡುವುದೇ ಅದನ್ನು.

2022ರ ಜನವರಿ 1ಕ್ಕೆ ಅವನು ಇಂಗ್ಲೆಂಡಿನ ಎವರ್ಟನ್ ಕ್ಲಬ್ ಸೇರಿದ. ಅಜ್ಜಿ ಹಾಸ್ಟೆಲ್‌ಗೆಲ್ಲ ಚಾಕಲೇಟ್ ಹಂಚಿದರು. ಎಂಟು ವಾರವೂ ಆಗಲಿಲ್ಲ, ಫೆಬ್ರವರಿ 24ರ ಬೆಳಗಿನ ಜಾವ ಬಾಂಬ್ ಸದ್ದಿಗೆ ಎದ್ದೆವು.

ಫೆಬ್ರವರಿ 26ರ ಶನಿವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆವರೆಗೆ ಕೀವ್‌ನಲ್ಲಿ ಕರ್ಫ್ಯೂ. ನಾವು ಹಾಸ್ಟೆಲ್ ನೆಲಮಾಳಿಗೆಯಲ್ಲಿ ಹಾಸಿಗೆ ಹಾಕಿಕೊಂಡಿದ್ದೆವು. ಅದೇ ಶನಿವಾರ ಗುಡಿಸನ್ ಪಾರ್ಕ್‌ನಲ್ಲಿ ಎವರ್ಟನ್–ಮ್ಯಾಂಚೆಸ್ಟರ್ ಸಿಟಿ ಪಂದ್ಯ. ಎವರ್ಟನ್ ಆಟಗಾರರು ಉಕ್ರೇನ್ ಬಾವುಟ ಹೊದ್ದುಕೊಂಡು ಮೈದಾನಕ್ಕೆ ಬಂದರು. ಮಿಕೊಲೆಂಕೊನೂ ಸಿಟಿಯಲ್ಲಿದ್ದ ಉಕ್ರೇನ್ ಆಟಗಾರ ಜಿಂಚೆಂಕೊನೂ ಅವತ್ತು ಮೊದಲ ಹನ್ನೊಂದರಲ್ಲಿ ಇರಲಿಲ್ಲ. ಪಂದ್ಯ ಶುರುವಾಗುವ ಮೊದಲು ಇಬ್ಬರೂ ತಬ್ಬಿಕೊಂಡು ಅತ್ತರು. ಫೋನಿನ ಸಣ್ಣ ಪರದೆಯಲ್ಲಿ ಅಜ್ಜಿಗೆ ತೋರಿಸಿದೆ. ಕನ್ನಡಕ ಮೇಲೇರಿಸಿ, ಬೆರಳಿನಿಂದ ಪರದೆ ಮೇಲೆ ಅವನ ತಲೆ ಸವರಿದರು. ವಿಡಿಯೊ ನಿಂತುಹೋಯಿತು. ಮತ್ತೆ ಹಾಕು ಅಂದರು.

ಕರ್ಫ್ಯೂ ಸಡಿಲವಾದ ಬೆಳಿಗ್ಗೆ ಹೊರಟೆವು. ಅಜ್ಜಿ ಒಂದು ಬ್ರೆಡ್ಡು, ಒಂದು ಬಾಟಲಿ ಸೌತೆಕಾಯಿ ಉಪ್ಪಿನಕಾಯಿ ಬ್ಯಾಗಿಗೆ ತುರುಕಿದರು. ಅದರ ತುಂಬಾ ಸಬ್ಬಸಿಗೆ ಸೊಪ್ಪು. ಅಲ್ಲಿ ಸಬ್ಬಸಿಗೆ ಇಲ್ಲದ ಅಡುಗೆಯೇ ಇಲ್ಲ. ಕಾಲಿಡಲೂ ಜಾಗವಿಲ್ಲದ ಟ್ರೇನಿನಲ್ಲಿ ಅದನ್ನೇ ಹಂಚಿಕೊಂಡು ತಿಂದೆವು. ಮಾರ್ಚ್ 1ರಂದು, ದಾರಿಯಲ್ಲಿರುವಾಗಲೇ, ಖಾರ್ಕಿವ್‌ನಲ್ಲಿ ನಮ್ಮ ಹಾವೇರಿಯ ಹುಡುಗ ತೀರಿಕೊಂಡ ಸುದ್ದಿ ಬಂತು. ದಿನಸಿ ತರಲು ಹೊರಗೆ ಹೋಗಿದ್ದನಂತೆ. ಆಮೇಲೆ ಬೋಗಿಯಲ್ಲಿ ಕನ್ನಡದವರು ಯಾರೂ ಮಾತಾಡಲಿಲ್ಲ.

ಮಾರ್ಚ್ 3ರ ರಾತ್ರಿ ಬುಡಾಪೆಸ್ಟ್‌ನಲ್ಲಿ ವಿಮಾನಕ್ಕೆ ಕಾಯುತ್ತಿದ್ದೆವು. ಎವರ್ಟನ್‌ಗೆ ಎಫ್‌ಎ ಕಪ್ ಪಂದ್ಯ, ಎದುರಿಗೆ ಬೋರಮ್ ವುಡ್ ಎಂಬ ಸಣ್ಣ ಕ್ಲಬ್. ಅವತ್ತು ಮಿಕೊಲೆಂಕೊ ಕ್ಯಾಪ್ಟನ್! ಕ್ಲಬ್ ಸೇರಿ ಎರಡು ತಿಂಗಳಾಗಿತ್ತು ಅಷ್ಟೇ. ಎವರ್ಟನ್ 2–0ಯಲ್ಲಿ ಗೆದ್ದಿತು. ಸ್ಕೋರ್ ನನಗೆ ಮುಖ್ಯವಾಗಿರಲಿಲ್ಲ. ಊರು ಹೊತ್ತಿ ಉರಿಯುತ್ತಿರುವಾಗ ತೋಳಿಗೆ ಪಟ್ಟಿ ಕಟ್ಟಿಕೊಂಡು ಅವನು ಮೈದಾನಕ್ಕೆ ಇಳಿದ. ನನ್ನ ಕೈಯಲ್ಲಿ ಒದ್ದೆ ಬ್ಯಾಗಿನಲ್ಲಿ ಫಾರ್ಮಕಾಲಜಿ ನೋಟ್ಸ್ ಇತ್ತು. ಅದನ್ನು ಅಲ್ಲೇ ಬಿಟ್ಟು ಹೋಗಬೇಕು ಅಂದುಕೊಂಡಿದ್ದವನು ಬಿಡಲಿಲ್ಲ.

ಹಾಸನಕ್ಕೆ ಬಂದ ಮೇಲೆ ಆನ್‌ಲೈನ್ ಕ್ಲಾಸು. ಕೀವ್‌ನ ನಮ್ಮ ಮೇಡಂಗಳು ಸೈರನ್ ಕೂಗಿದರೆ ಕ್ಲಾಸ್ ನಿಲ್ಲಿಸಿ ಶೆಲ್ಟರ್‌ಗೆ ಹೋಗಿ, ವಾಪಸ್ ಬಂದು, ಬಿಟ್ಟ ಕಡೆಯಿಂದಲೇ ಶುರು ಮಾಡುತ್ತಿದ್ದರು. ಕರೆಂಟ್ ಹೋದರೆ ಮೊಂಬತ್ತಿ. ಅವರಿಗೆ ನಾನು ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಕೊನೆಯ ವರ್ಷಗಳನ್ನು ಜಾರ್ಜಿಯಾದ ಟಿಬಿಲಿಸಿಯಲ್ಲಿ ಮುಗಿಸಿದೆ. ಅಲ್ಲಿ ಜೊತೆಗಿದ್ದ ಧಾರವಾಡದ ಗೆಳೆಯನಿಗೂ ಥ್ಯಾಂಕ್ಸ್. ನನ್ನ ಪಾಲಿನ ಅಡುಗೆಯನ್ನೂ ಅವನೇ ಮಾಡಿದ.

2022ರ ಮೇ 8ರಂದು ಅಪ್ಪನ ಜೊತೆ ಲೆಸ್ಟರ್ ಪಂದ್ಯ ನೋಡುತ್ತಿದ್ದೆ. ಎವರ್ಟನ್ ಕೆಳಗಿನ ಡಿವಿಷನ್‌ಗೆ ಬೀಳುವ ಅಂಚಿನಲ್ಲಿತ್ತು. ಆರನೇ ನಿಮಿಷ, ಗಾಳಿಯಲ್ಲಿದ್ದ ಬಾಲಿಗೆ ಮಿಕೊಲೆಂಕೊ ದೂರದಿಂದಲೇ ಹೊಡೆದ ವಾಲಿ ನೆಟ್‌ಗೆ ಬಿತ್ತು. ಕ್ಲಬ್‌ಗೆ ಅವನ ಮೊದಲ ಗೋಲು. "ಇವನೇನಾ ನಿಮ್ಮ ಅಜ್ಜಿ ಊರಿನವನು?" ಅಂತ ಅಪ್ಪ ಎದ್ದು ನಿಂತರು. 2–1 ಗೆಲುವು. ಹನ್ನೊಂದು ದಿನದ ಮೇಲೆ ಎವರ್ಟನ್ ಉಳಿದುಕೊಂಡಿತು.

ಎಲ್ಲ ದಿನವೂ ಹಾಗಿರಲಿಲ್ಲ. ಅದೇ ಜೂನ್ 5ರಂದು ವೇಲ್ಸ್ ವಿರುದ್ಧ 1–0ಯಲ್ಲಿ ಸೋತು ಉಕ್ರೇನ್ ವಿಶ್ವಕಪ್ ತಪ್ಪಿಸಿಕೊಂಡಿತು. ಅದೂ ಸೆಲ್ಫ್ ಗೋಲಿನಿಂದ. 2023ರ ನವೆಂಬರ್‌ನಲ್ಲಿ ಮಿಕೊಲೆಂಕೊ ಬ್ರೈಟನ್‌ಗೂ ಕ್ರಿಸ್ಟಲ್ ಪ್ಯಾಲೆಸ್‌ಗೂ ಒಂದೊಂದು ಗೋಲು ಹೊಡೆದ. ಆಮೇಲೆ ಕ್ಲಬ್‌ಗೆ ಅಂಕ ಕಡಿತದ ಶಿಕ್ಷೆ. ಒಟ್ಟು 8 ಅಂಕ ಹೋದರೂ ಎವರ್ಟನ್ 15ನೇ ಸ್ಥಾನದಲ್ಲಿ ನಿಂತಿತು. ನಾನು ಫೇಲಾದ ಎರಡೂ ಸಲ, ಮುಂದಿನ ವಾರಾಂತ್ಯ ಟಿವಿ ಹಾಕಿದರೆ ಎಡಗಡೆ ಅವನು ಓಡುತ್ತಲೇ ಇದ್ದ. ವಾಪಸ್ ಬಂದು ಜಾಗ ಮುಚ್ಚುತ್ತಲೇ ಇದ್ದ. ನಾನು ಟಿವಿ ಆರಿಸಿ ಪುಸ್ತಕ ತೆಗೆಯುತ್ತಿದ್ದೆ. ದ್ಯಾಕುಯು, ವಿಟಾಲಿ. ಉಕ್ರೇನಿಯನ್‌ನಲ್ಲಿ ನಾನು ಮೊದಲು ಕಲಿತ ಪದ ಇದು, ಥ್ಯಾಂಕ್ಸ್ ಅಂತ.

ರಿಸಲ್ಟ್ ಬಂದ ರಾತ್ರಿ ಅಜ್ಜಿಗೆ ಮೆಸೇಜ್ ಹಾಕಿದೆ. ಅಲ್ಲಿ ಕರೆಂಟ್ ಇರಲಿಲ್ಲವೋ ಏನೋ, ಉತ್ತರ ಬೆಳಿಗ್ಗೆ ಬಂತು. ಧ್ವನಿ ಮೆಸೇಜು. ಮೊದಲು ಸ್ವಲ್ಪ ಅತ್ತರು. ಆಮೇಲೆ ಆ ಉಪ್ಪಿನಕಾಯಿ ಬಾಟಲಿ ಇನ್ನೂ ವಾಪಸ್ ಕೊಟ್ಟಿಲ್ಲ ಅಂತ ನೆನಪಿಸಿದರು. ಬಾಟಲಿ ನನ್ನ ಹತ್ತಿರವೇ ಇದೆ ಅಜ್ಜಿ. ಅಮ್ಮ ಅದರಲ್ಲಿ ಸಾಸಿವೆ ತುಂಬಿಟ್ಟಿದ್ದಾರೆ. ತಂದುಕೊಡುತ್ತೇನೆ.