ಬೋರ್ಡಿಗೆ ಬೆನ್ನು ಮಾಡಿ ಕೂರಿಸು

ತುಮಕೂರು
ಭಾನುವಾರ

ಪ್ರೀತಿಯ ಮಗಳಿಗೆ ದೊಡ್ಡಮ್ಮನ ಆಶೀರ್ವಾದ.

ನಿನ್ನ ಕಾಗದ ಗುರುವಾರ ಬಂತು. ಅಳಿಯಂದಿರ ಕೆಲಸದ ವಿಷಯ ನಿಮ್ಮಮ್ಮ ಎಲ್ಲ ಹೇಳಿದ್ದಾಳೆ, ಅದನ್ನು ಮತ್ತೆ ಕೆದಕುವುದು ಬೇಡ. ಉಡುಪಿಯಲ್ಲಿ ಕಡಿಮೆಗೆ ರೂಮು ಎಲ್ಲಿ ಸಿಗುತ್ತೆ, ಮೂವರಿಗೆ 3 ದಿನಕ್ಕೆ 8 ಸಾವಿರ ಸಾಕಾ ಅಂತ ಕೇಳಿದ್ದೀಯ. ಅದಕ್ಕೆ ಉತ್ತರ ಬರೆಯೋಣ ಅಂತಲೇ ಕೂತೆ. ಆದರೆ ಮಧ್ಯದಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, ಅದನ್ನು ದಾಟಿ ಮುಂದೆ ಹೋಗೋಕೆ ನನಗೆ ಆಗಲಿಲ್ಲ. ‘ಹೋಟೆಲಿಗೆ ಹೋದರೆ ಪುಟ್ಟಿ ಮೊದಲು ಬೆಲೆ ನೋಡ್ತಾಳೆ ದೊಡ್ಡಮ್ಮ, ಆಮೇಲೆ ಹಸಿವಿಲ್ಲ ಅಂತಾಳೆ. ಸಮುದ್ರದ ಹತ್ತಿರ ಹೋಗಿಯೂ ಹೀಗೇ ಮಾಡಿದರೆ?’

8 ವರ್ಷದ ಮಗು ಅದು. ಹಸಿವಿಲ್ಲ ಅನ್ನುತ್ತೆ ಅಂದರೆ!

ಮೊದಲು ನೀನು ಕೇಳಿದ್ದಕ್ಕೆ ಹೇಳಿಬಿಡ್ತೀನಿ, ಆಮೇಲೆ ಮರೆತುಹೋಗುತ್ತೆ. 8 ಸಾವಿರ ಸಾಕು. ಬಿಗಿಯಾಗುತ್ತೆ, ಆದರೆ ಸಾಕು. ಮಲ್ಪೆಯಲ್ಲಿ ಸಮುದ್ರದ ಎದುರಿಗೇ ರೂಮು ಮಾಡಬೇಡ. ಉಡುಪಿ ಪೇಟೆಯಲ್ಲಿ, ಕೃಷ್ಣ ಮಠದ ಸುತ್ತಮುತ್ತ ಮಾಡು. ಅಲ್ಲಿಂದ ಮಲ್ಪೆ 6 ಕಿಲೋಮೀಟರ್ ಅಷ್ಟೆ, ಬಸ್ಸು ಒಂದರ ಹಿಂದೆ ಒಂದು ಇರುತ್ತೆ. ಮಧ್ಯಾಹ್ನ ಮಠದಲ್ಲೇ ಊಟ. ಅದಕ್ಕೆ ಯಾರೂ ದುಡ್ಡು ಕೇಳಲ್ಲ, ಗೋಡೆ ಮೇಲೆ ಬೆಲೆಯ ಬೋರ್ಡೂ ಇಲ್ಲ. ಪುಟ್ಟಿ ಅಲ್ಲಿ ಹಸಿವಿಲ್ಲ ಅಂತಾಳಾ ನೋಡು. ಇದನ್ನು ಬರೆಯುವಾಗಲೇ ನನಗೆ ಒಂಥರಾ ಆಗ್ತಿದೆ. ಮಗುವನ್ನು ಪರೀಕ್ಷೆ ಮಾಡು ಅಂತ ಹೇಳಿಕೊಡ್ತಿದ್ದೀನಲ್ಲ ನಾನು.

ನಾವು 1989ರ ಏಪ್ರಿಲಲ್ಲಿ ಹೋಗಿದ್ದು ನಿನಗೆ ಗೊತ್ತಿಲ್ಲ, ನೀನಾಗ ಹುಟ್ಟಿರಲಿಲ್ಲ. ನಿನ್ನಣ್ಣನಿಗೆ 9 ವರ್ಷ. ಉಡುಪಿಗೆ ಆಗ ರೈಲಿರಲಿಲ್ಲ, ಬಸ್ಸಲ್ಲೇ ಘಾಟಿ ಇಳಿದು ಹೋದೆವು. ಒಂದು ಛತ್ರದಲ್ಲಿ ಇಳಿದುಕೊಂಡೆವು. ಮನೆಯಿಂದಲೇ ಸೀಮೆಎಣ್ಣೆ ಸ್ಟೌ, ಅಕ್ಕಿ, ಬೇಳೆ, ಹುರಿಹಿಟ್ಟು, ಉಪ್ಪಿನಕಾಯಿ ಎಲ್ಲ ಹೊತ್ತಿದ್ದೆ. ಹೋಟೆಲಿಗೆ ಒಂದು ಪೈಸೆ ಕೊಡಬಾರದು ಅಂತ ನನ್ನ ಹಟ. ನಿಮ್ಮ ದೊಡ್ಡಪ್ಪ ಬೇಡ ಅಂದರೂ ಕೇಳಲಿಲ್ಲ. ಬೆಳಿಗ್ಗೆ ಅಡುಗೆ, ಪಾತ್ರೆ. ಮಧ್ಯಾಹ್ನ ಮತ್ತೆ ಅದೇ. ಆ ಮೂಲೆಯಲ್ಲಿ ಸ್ಟೌ ಹಚ್ಚಿದರೆ ಹೊಗೆಗೆ ಕಣ್ಣು ಬಿಡೋಕೆ ಆಗ್ತಿರಲಿಲ್ಲ. 3 ದಿನದಲ್ಲಿ ನಾನು ಸಮುದ್ರ ನೋಡಿದ್ದು 2 ಸಂಜೆ. ರಾತ್ರಿ ಝೀರೋ ಬಲ್ಬಿನ ಬೆಳಕಲ್ಲಿ ಸೆರಗಿನ ಗಂಟು ಬಿಚ್ಚಿ ದುಡ್ಡು ಎಣಿಸುತ್ತಿದ್ದೆ. ಹುಡುಗ ಮಲಗಿದ್ದಾನೆ ಅಂದುಕೊಂಡಿದ್ದೆ. ಮಲಗಿರಲಿಲ್ಲ ಅಂತ ಈಗ ಅನಿಸುತ್ತೆ.

ಎರಡನೇ ಸಂಜೆ ಮಲ್ಪೆ ದಕ್ಕೆಯ ಹತ್ತಿರ ಹೋದೆವು. ಸೇಂಟ್ ಮೇರಿ ದ್ವೀಪಕ್ಕೆ ಹೋಗುವ ಬೋಟಿನವನು ಜನ ತುಂಬಲಿ ಅಂತ ಕಾಯುತ್ತಿದ್ದ. ‘ಬನ್ನಿ ಅಮ್ಮ, ಇನ್ನು ಮೂರೇ ಜನ’ ಅಂತ ಕರೆದ. ನಾನು ಎಷ್ಟು ಅಂತ ಕೇಳಿದೆ, ಅವನು ಹೇಳಿದ. ನಾನು ಏನೂ ಅನ್ನುವ ಮೊದಲೇ ನಿನ್ನಣ್ಣ ನನ್ನ ಸೆರಗು ಜಗ್ಗಿ, ‘ಬೇಡಮ್ಮ, ಬೋಟಲ್ಲಿ ನಂಗೆ ತಲೆ ಸುತ್ತುತ್ತೆ’ ಅಂದ.

ಅವನು ಹುಟ್ಟಿದಾಗಿನಿಂದ ಬೋಟಲ್ಲಿ ಕೂತೇ ಇರಲಿಲ್ಲ ಕಣೇ.

ನನಗೆ ಏನನಿಸಿತು ಗೊತ್ತಾ? ಸದ್ಯ, ಉಳೀತು ಅನಿಸಿತು. ಎಂಥ ಒಳ್ಳೆ ಮಗ ಅಂತ ತಲೆ ಸವರಿದೆ. ಮನೆಗೆ ಬಂದು ಎಣಿಸಿದರೆ 86 ರೂಪಾಯಿ ಮಿಕ್ಕಿತ್ತು. ಓಣಿಯವರಿಗೆಲ್ಲ ಹೇಳಿಕೊಂಡು ತಿರುಗಿದೆ. ಆ 86 ರೂಪಾಯಲ್ಲಿ ಏನು ತಂದೆ ಅಂತ ನಿನ್ನೆಯಿಂದ ಯೋಚನೆ ಮಾಡ್ತಿದ್ದೀನಿ, ನೆನಪಾಗ್ತಿಲ್ಲ.

ಅದಕ್ಕೇ ನಿನ್ನ ಆ ಸಾಲು ನನ್ನನ್ನು ಕೂರಲೂ ಬಿಡಲಿಲ್ಲ, ನಿಲ್ಲಲೂ ಬಿಡಲಿಲ್ಲ. ನಿನ್ನಣ್ಣ ಈಗ ಕೈತುಂಬ ಸಂಪಾದಿಸ್ತಾನೆ. ಆದರೂ ಹೋಟೆಲಿಗೆ ಕರೆದುಕೊಂಡು ಹೋದರೆ ನಮಗೆಲ್ಲ ಬೇಕುಬೇಕಾದ್ದು ಹೇಳಿ, ತನಗೆ ಒಂದು ಕಾಫಿ ಅಂತಾನೆ. ಹಸಿವಿಲ್ಲ ಅಂತೆ. ಮನೆಗೆ ಬಂದು ರಾತ್ರಿ 10 ಗಂಟೆಗೆ ತಣ್ಣನೆ ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು ತಿಂತಾನೆ. ನಾನು ಮಲಗಿದ ಹಾಗೆ ಮಾಡ್ತೀನಿ.

ರೈಲಿನ ವಿಷಯ ಬಿಟ್ಟೇ ಹೋಯಿತು. ಪಂಚಗಂಗಾ ಎಕ್ಸ್‌ಪ್ರೆಸ್ಸಿಗೆ ಬುಕ್ ಮಾಡಿಸು, ಕಾರವಾರಕ್ಕೆ ಹೋಗುವುದು. ಸಂಜೆ ಬೆಂಗಳೂರು ಬಿಟ್ಟರೆ ಬೆಳಗಾಗೋಕೆ ಮುಂಚೆಯೇ ಉಡುಪಿ. ಸ್ಟೇಷನ್ ಇರೋದು ಇಂದ್ರಾಳಿಯಲ್ಲಿ, ಊರೊಳಗಲ್ಲ. ಬೆಳಕು ಹರಿಯುವವರೆಗೆ ಅಲ್ಲೇ ಕೂತಿರಿ, ಕತ್ತಲಲ್ಲಿ ಆಟೋದವರ ಹತ್ತಿರ ಚೌಕಾಸಿ ಮಾಡೋಕೆ ಹೋಗಬೇಡಿ. 60 ದಿನ ಮೊದಲೇ ಬುಕಿಂಗ್ ಶುರುವಾಗುತ್ತೆ. 12 ವರ್ಷದೊಳಗಿನ ಮಕ್ಕಳಿಗೆ ಬರ್ತ್ ಬೇಡ ಅಂದರೆ ಅರ್ಧ ಟಿಕೆಟ್, ಬೇಕು ಅಂದರೆ ಪೂರ್ತಿ. ನೀನು ಅರ್ಧವೇ ತಗೋತೀಯ, ನನಗೆ ಗೊತ್ತು, ನಾನೂ ಅದನ್ನೇ ಮಾಡ್ತಿದ್ದೆ. ಬೇಡ, ಪೂರ್ತಿ ತಗೋ. ಮೇಲಿನ ಬರ್ತು ಅವಳದೇ ಆಗಿರಲಿ. ಉಳಿಸೋಕೆ ಬೇರೆ ಜಾಗ ಹುಡುಕು.

ಬಸ್ಸೂ ಇದೆ ಅನ್ನು. ಶಕ್ತಿ ಯೋಜನೆಯಲ್ಲಿ ನಿನಗೂ ಪುಟ್ಟಿಗೂ ಕೆಂಪು ಬಸ್ಸು ಪುಕ್ಕಟೆ, ಅಳಿಯಂದಿರಿಗೆ ಮಾತ್ರ ಟಿಕೆಟ್. ರಾಜಹಂಸ, ಸ್ಲೀಪರಿಗೆಲ್ಲ ಅದು ನಡೆಯಲ್ಲ. ಆದರೆ ಕೆಂಪು ಬಸ್ಸಲ್ಲಿ ರಾತ್ರಿಯೆಲ್ಲ ಕೂತು ಶಿರಾಡಿ ಘಾಟಿ ಇಳಿಯೋದಿದೆಯಲ್ಲ, ಸೊಂಟ ಬಿದ್ದುಹೋಗುತ್ತೆ. ಉಡುಪಿಯೊಳಗೆ ಓಡಾಡುವ ಬಸ್ಸುಗಳು ಹೆಚ್ಚಿನವು ಖಾಸಗಿಯವು, ಅದರಲ್ಲಿ ಆಧಾರ್ ತೋರಿಸಿದರೆ ಕಂಡಕ್ಟರ್ ನಗ್ತಾನೆ. ನಾನು ತೋರಿಸಿದ್ದೆ. ಸರ್ಕಾರದ್ದನ್ನು ಅಲ್ಲಿ ನರ್ಮ್ ಬಸ್ಸು ಅಂತಾರೆ, ಸಿಕ್ಕರೆ ಹತ್ತು, ಅದಕ್ಕೇ ಅಂತ ಕಾಯಬೇಡ.

ಪುಟ್ಟಿಯ ವಿಷಯಕ್ಕೆ ಏನು ಮಾಡಬೇಕು ಅಂತ ನನಗೂ ಸರಿಯಾಗಿ ಗೊತ್ತಿಲ್ಲ, ನಿಜ ಹೇಳ್ತೀನಿ. ಒಂದು ದಿನ ಹೀಗನಿಸುತ್ತೆ: ಹೊರಡುವ ಮೊದಲೇ ಅವಳನ್ನು ಕೂರಿಸಿಕೊಂಡು, ನೋಡಮ್ಮ, ಇಷ್ಟು ದುಡ್ಡಿದೆ, ರೈಲಿಗೆ ಇಷ್ಟು, ರೂಮಿಗೆ ಇಷ್ಟು, ಇದು ತಿನ್ನೋಕೆ, ಇದು ಆಟಕ್ಕೆ, ಇದನ್ನು ಖರ್ಚು ಮಾಡೋಕೇ ಹೋಗ್ತಿರೋದು ಅಂತ ಹೇಳಿಬಿಡು. ಮಾರನೇ ದಿನ ಅನಿಸುತ್ತೆ, ಅಷ್ಟು ಚಿಕ್ಕ ತಲೆಯ ಮೇಲೆ ಮನೆಯ ಲೆಕ್ಕ ಯಾಕೆ ಹೇರಬೇಕು? ಅವಳ ಕೈಗೆ ಒಂದು ಪುಟ್ಟ ಪರ್ಸು ಕೊಟ್ಟು, ಅದರಲ್ಲಿ 300 ರೂಪಾಯಿ ಇಟ್ಟು, ಏನು ತಗೊಂಡೆ ಅಂತ ಕೇಳದೆ ಇರೋದೇ ವಾಸಿ ಅಂತ. ಎರಡರಲ್ಲಿ ಯಾವುದು ಸರಿಯೋ ನೀನೇ ನೋಡು. ನನ್ನ ಮನಸ್ಸು ಪರ್ಸಿನ ಕಡೆಗೇ ಇದೆ. ಒಂದು ಮಾತ್ರ ಖಂಡಿತ ಬೇಡ, ನೀನೂ ಅಳಿಯಂದಿರೂ ಅವಳ ಮುಂದೆ ಪಿಸುಪಿಸು ಲೆಕ್ಕ ಹಾಕಬೇಡಿ. ಜೋರಾಗಿ ಆಡಿದ ಮಾತು ಮಕ್ಕಳಿಗೆ ಕೇಳಿಸದೆ ಹೋದೀತು, ಪಿಸುಮಾತು ಹೋಗಲ್ಲ.

ಹೋಟೆಲಿಗೆ ಹೋದಾಗ ಬೋರ್ಡಿಗೆ ಬೆನ್ನು ಮಾಡಿ ಅವಳನ್ನು ಕೂರಿಸು. ನಗಬೇಡ. ಉಡುಪಿಯ ಚಿಕ್ಕ ಹೋಟೆಲುಗಳಲ್ಲಿ ಸಪ್ಲೈ ಮಾಡುವ ಹುಡುಗರು ಗೋಳಿಬಜೆ, ಬನ್ಸು, ನೀರುದೋಸೆ, ಕೊಟ್ಟೆ ಕಡುಬು ಅಂತ ಒಂದೇ ಉಸಿರಲ್ಲಿ ಹೇಳಿಬಿಡ್ತಾರೆ. ಅವರ ಬಾಯಿಂದ ಹೆಸರು ಬರುತ್ತೆ, ಬೆಲೆ ಬರಲ್ಲ. ಅಂಥ ಕಡೆ ಹೋಗು. ಬನ್ಸು ಅಂದರೆ ಬೇಕರಿಯದ್ದಲ್ಲ, ಬಾಳೆಹಣ್ಣು ಹಾಕಿ ಕಲಸಿ ಎಣ್ಣೆಯಲ್ಲಿ ಕರಿದ ಉಬ್ಬು ಪೂರಿ. ಎರಡು ತಿಂದರೆ ಮಧ್ಯಾಹ್ನದವರೆಗೆ ನಡೆಯುತ್ತೆ. ಸಂಜೆಗೆ ಗಡ್‌ಬಡ್ ಐಸ್‌ಕ್ರೀಮು. ಉದ್ದ ಗ್ಲಾಸಲ್ಲಿ ಕೊಡ್ತಾರೆ, ಇಬ್ಬರಿಗೆ ಒಂದು ಸಾಕು. ಆದರೆ ಅವಳಿಗೇ ಒಂದು ಪೂರ್ತಿ ಬೇಕು ಅಂದರೆ, ನೋಡು.

ಅಂದ ಹಾಗೆ ಒಂದು ತಮಾಷೆ ಹೇಳ್ತೀನಿ. ಆ 1989ರಲ್ಲೇ, ವಾಪಸು ಬರುವ ದಿನ. ದಾರಿ ಬದಿ ಅಂಗಡಿಯಲ್ಲಿ ಹಲಗೆ ಮೇಲೆ ‘ಬೊಂಡ’ ಅಂತ ಬರೆದಿತ್ತು. ನಿನ್ನಣ್ಣ ಅದನ್ನು ಓದಿ ಸುಮ್ಮನೆ ನಿಂತ. ಕೇಳಲಿಲ್ಲ, ನಿಂತ ಅಷ್ಟೆ. ಆಲೂಗಡ್ಡೆ ಬೊಂಡ ತಾನೇ, ಎಷ್ಟಾದೀತು ಅಂತ ನಾನೇ ಧೈರ್ಯ ಮಾಡಿ ‘ಎರಡು ಬೊಂಡ ಕೊಡಪ್ಪ’ ಅಂದೆ. ಅವನು ಕತ್ತಿ ತಗೊಂಡ. ಬೊಂಡಕ್ಕೆ ಕತ್ತಿ ಯಾಕೆ ಅಂತ ನಾನು ನೋಡ್ತಿದ್ದಂತೆ ಟಕ್ ಟಕ್ ಅಂತ ಎರಡು ಎಳನೀರು ಕೆತ್ತಿ ಕೈಗಿಟ್ಟ! ಆ ಕಡೆ ಎಳನೀರಿಗೇ ಬೊಂಡ ಅನ್ನೋದಂತೆ. ನಿಮ್ಮ ದೊಡ್ಡಪ್ಪ ನಕ್ಕೂ ನಕ್ಕೂ ಕೆಮ್ಮಿದರು. ಕೆತ್ತಿದ ಮೇಲೆ ಬೇಡ ಅನ್ನೋ ಹಾಗಿಲ್ಲವಲ್ಲ. ಹುಡುಗ ಎತ್ತಿ ಕುಡಿಯೋಕೆ ಹೋಗಿ ಅಂಗಿಯೆಲ್ಲ ಒದ್ದೆ ಮಾಡಿಕೊಂಡ. ಒಳಗಿನ ಗಂಜಿಯನ್ನು ಸಿಪ್ಪೆಯ ಚೂರಲ್ಲಿ ಕೆರೆದು ತಿಂದ. ಉಡುಪಿ ಅಂದರೆ ಇವತ್ತಿಗೂ ಅವನು ಹೇಳೋದು ಆ ಬೊಂಡದ ಕಥೆ ಒಂದೇ. ಬೋಟಿನ ಮಾತು ಅವನೂ ಎತ್ತಲ್ಲ, ನಾನೂ ಎತ್ತಲ್ಲ. ಮೊದಲೇ ಬೆಲೆ ಕೇಳಿದ್ದರೆ ಆ ಎಳನೀರೂ ಇರ್ತಿರಲಿಲ್ಲ, ಅಲ್ವಾ?

ದುಡ್ಡಿಲ್ಲದೆ ಆಡೋಕೆ ಅಲ್ಲಿ ಬೇಕಾದಷ್ಟಿದೆ. ಮಲ್ಪೆಯಲ್ಲಿ ಗದ್ದಲ ಜಾಸ್ತಿ ಅನಿಸಿದರೆ ಸೇತುವೆ ದಾಟಿ ಪಡುಕೆರೆಗೆ ಹೋಗಿ. ಒಂದು ಕಡೆ ಹೊಳೆ, ಒಂದು ಕಡೆ ಸಮುದ್ರ, ನಡುವೆ ಒಂದು ರಸ್ತೆ, ತೆಂಗಿನ ಮರ. ಒಂದು ಸಂಜೆ ಕಾಪುಗೆ ಹೋಗಿ. 1901ರ ದೀಪಸ್ತಂಭ ಬಂಡೆ ಮೇಲಿದೆ. ಸಂಜೆ ಹೊತ್ತು ಚೂರುಪಾರು ಟಿಕೆಟ್ ತಗೊಂಡು ಮೇಲೆ ಹತ್ತಿಸ್ತಾರೆ. ನೀರಿಗೆ ಮಾತ್ರ ಮೊಣಕಾಲಿನವರೆಗೆ, ಅದಕ್ಕಿಂತ ಮುಂದೆ ಬೇಡ. ಕಾವಲಿನವರು ಸೀಟಿ ಊದಿದರೆ ಎದ್ದು ಬನ್ನಿ. ಡಿಸೆಂಬರ್ ಕೊನೆಯ ವಾರ ಬಿಟ್ಟುಬಿಡು, ಎಲ್ಲದರ ರೇಟೂ ಏರಿರುತ್ತೆ. ಜನವರಿ 18ರ ಆಸುಪಾಸೂ ಬೇಡ, ಎರಡು ವರ್ಷಕ್ಕೊಮ್ಮೆ ಅವತ್ತು ಪರ್ಯಾಯ, ಕೃಷ್ಣನ ಪೂಜೆಯ ಸರದಿ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ, ಆಗ ರೂಮೇ ಸಿಗಲ್ಲ. ಅದಕ್ಕೂ ಮುಂಚೆ ಒಂದು ಸೋಮವಾರ, ಮಂಗಳವಾರ ನೋಡಿ ಹೋಗು. ಶಾಲೆಗೆ 2 ದಿನ ರಜೆ ಹಾಕಿದರೆ ಏನೂ ಮುಳುಗಿಹೋಗಲ್ಲ. ಮೇಷ್ಟರ ಹೆಂಡತಿಯಾಗಿ ನಾನು ಹೀಗೆ ಬರೀಬಾರದು.

ಇನ್ನೊಂದು ಹೇಳಬೇಕೋ ಬೇಡವೋ ಅಂತ ಎರಡು ಸಲ ಪೆನ್ನು ಕೆಳಗಿಟ್ಟೆ. ಹೋದ ವರ್ಷ ನಮ್ಮ ಭಜನಾ ಮಂಡಳಿಯವರ ಜೊತೆ ಧರ್ಮಸ್ಥಳ, ಉಡುಪಿ ಎಲ್ಲ ಹೋಗಿದ್ದೆನಲ್ಲ. ಎಲ್ಲರೂ ದ್ವೀಪಕ್ಕೆ ಹೋಗೋಣ ಅಂದರು. ನನ್ನ ಪರ್ಸಲ್ಲಿ ದುಡ್ಡಿತ್ತು. ನಿನ್ನಣ್ಣನೇ ಹೊರಡುವಾಗ 3 ಸಾವಿರ ತುರುಕಿದ್ದ, ‘ಎಲ್ಲ ಖರ್ಚು ಮಾಡಿಕೊಂಡು ಬಾಮ್ಮ’ ಅಂತ. ಬೋಟಿನವನು ತಲೆಗೆ ಇಷ್ಟು ಅಂದ. ನನ್ನ ಬಾಯಿಂದ ತಾನಾಗೇ ಬಂತು ನೋಡು, ‘ನೀವು ಹೋಗಿ ಬನ್ನಿ, ಬೋಟಲ್ಲಿ ನಂಗೆ ತಲೆ ಸುತ್ತುತ್ತೆ.’ ಅಂದ ಮೇಲೆ ಯಾರ ಮಾತು ಅದು ಅಂತ ಹೊಳೀತು. ಮರಳಲ್ಲಿ ಎಲ್ಲರ ಚಪ್ಪಲಿ, ಚೀಲ ಕಾಯ್ತಾ ಎರಡು ಗಂಟೆ ಕೂತಿದ್ದೆ. ಎದುರಿಗೆ ದ್ವೀಪ ಕಪ್ಪು ಗೆರೆ ಹಾಗೆ ಕಾಣುತ್ತೆ, ತೆಂಗಿನ ಮರದ ತಲೆ ಎಣಿಸಬಹುದು. ಹೋಗಿ ಬಂದವರು ಹೇಳಿದರು, ಅಲ್ಲಿನ ಕಲ್ಲೆಲ್ಲ ಆರು ಮೂಲೆಯ ಕಂಬಗಳಂತೆ ನಿಂತಿವೆಯಂತೆ, ಯಾರೋ ಉಳಿಯಲ್ಲಿ ಕಡೆದು ಜೋಡಿಸಿದ ಹಾಗೆ. ಕೋಟಿಗಟ್ಟಲೆ ವರ್ಷದ ಹಿಂದೆ ಭೂಮಿಯೊಳಗಿನ ಬೆಂಕಿಕಲ್ಲು ಉಕ್ಕಿ ಬಂದು, ಆರುತ್ತಾ ಹಾಗೆ ಸೀಳಿದ್ದಂತೆ. ನೆಲದಲ್ಲಿ ಮರಳಿಗಿಂತ ಕಪ್ಪೆಚಿಪ್ಪೇ ಜಾಸ್ತಿಯಂತೆ. ಒಬ್ಬಾಕೆ ನನಗೆ ಅಂತ ಒಂದು ಹಿಡಿ ತಂದುಕೊಟ್ಟಳು. ದೇವರ ಮನೆ ಗೂಡಲ್ಲಿದೆ. ನಿನ್ನಣ್ಣ ನೋಡಿ, ‘ದ್ವೀಪದ್ದಾ?’ ಅಂದ. ಹೂಂ ಅಂದೆ.

ಮಳೆಗಾಲ ಬಂದರೆ ಬೋಟು ನಿಲ್ಲಿಸಿಬಿಡ್ತಾರೆ, ಮಳೆ ಕಳೆಯುವವರೆಗೂ ಬಿಡಲ್ಲ. ನೀನು ಹೋಗುವ ಹೊತ್ತಿಗೆ ಇರುತ್ತೆ. ಮೂವರ ಬೋಟಿನ ದುಡ್ಡನ್ನು ಮನೆಯಲ್ಲೇ ಬೇರೆ ಕವರಲ್ಲಿ ಹಾಕಿಡು, ಅಲ್ಲಿ ಹೋಗಿ ಲೆಕ್ಕ ಹಾಕಬೇಡ. ಪುಟ್ಟಿಯ ಎದುರಿಗೆ ಎಷ್ಟು ಅಂತ ಕೇಳಲೂ ಬೇಡ, ಅಳಿಯಂದಿರು ಮುಂದೆ ಹೋಗಿ ಟಿಕೆಟ್ ತಗೊಂಡಿರಲಿ. ಆಮೇಲೂ ಅವಳು ತಲೆ ಸುತ್ತುತ್ತೆ ಅಂದರೆ ನಂಬಬೇಡ.

ಜಾಸ್ತಿ ಬರೆದೆ. ಕೇಳಿದ್ದು ರೂಮಿನ ವಿಷಯ, ಹೇಳಿದ್ದು ಏನೇನೋ. ಅಳಿಯಂದಿರಿಗೆ ಇದನ್ನು ಓದಿಸಬೇಡ, ಪುಟ್ಟಿಗೆ ಮುತ್ತು ಕೊಡು.

ನಿನ್ನ
ದೊಡ್ಡಮ್ಮ

ಮರೆತಿದ್ದೆ: ಸ್ಟೌ ಹೊರಬೇಡ. ಒಂದು ಟೋಪಿ, ಹಳೇ ಬೆಡ್‌ಶೀಟು, ನೀರಿನ ಬಾಟಲಿ ಸಾಕು. ಬಂದ ಮೇಲೆ ಎಷ್ಟು ಮಿಕ್ಕಿತು ಅಂತ ನನಗೆ ಫೋನ್ ಮಾಡಿ ಹೇಳಬೇಡ.