ಯಶಸ್ವಿನಿ, ಆಯುಷ್ಮಾನ್ ಕೌಂಟರ್‌ನಲ್ಲಿ ಬದಲಾವಣೆ: ನಮ್ಮ ಸೊಸೈಟಿ ಸದಸ್ಯರಿಗೆ ಒಂದು ಪತ್ರ

ಆತ್ಮೀಯ ಸದಸ್ಯರೇ,

ವಿಷಯ ನೇರವಾಗಿ ಹೇಳಿಬಿಡುತ್ತೇವೆ. ಬರುವ ತಿಂಗಳ 1ನೇ ತಾರೀಕಿನಿಂದ ನಮ್ಮ ಸೊಸೈಟಿಯಲ್ಲಿ ಯಶಸ್ವಿನಿ, ಅಂದರೆ ಸಹಕಾರ ಸಂಘದ ಸದಸ್ಯರ ಆರೋಗ್ಯ ಯೋಜನೆಯ ಹೊಸ ನೋಂದಣಿಗೆ, ನವೀಕರಣಕ್ಕೆ ಸದಸ್ಯರೇ ಖುದ್ದಾಗಿ ಬರಬೇಕು. ತೋಟದ ಲೆಕ್ಕ ನೋಡುವ ರೈಟರ್ ಬರೆದುಕೊಟ್ಟ ಪಟ್ಟಿ, ಪಕ್ಕದ ಮನೆಯವರ ಕೈಯಲ್ಲಿ ಕಳಿಸಿದ ಆಧಾರ್ ಜೆರಾಕ್ಸ್, ವಾಟ್ಸಾಪ್‌ನಲ್ಲಿ ಹಾಕಿದ ರೇಷನ್ ಕಾರ್ಡ್ ಫೋಟೋ, ಇದ್ಯಾವುದೂ ಇನ್ನು ನಡೆಯುವುದಿಲ್ಲ. ಸರ್ಕಾರಿ ಚಿಕಿತ್ಸಾ ಯೋಜನೆಯ ಆಯುಷ್ಮಾನ್ ಕಾರ್ಡ್ ಪ್ರಿಂಟ್ ತೆಗೆಸಿಕೊಳ್ಳಲು ಬರುವವರಿಗೂ ಇದೇ ನಿಯಮ. ಯಾರ ಕಾರ್ಡೋ ಅವರೇ ಬರಬೇಕು, ಅವರದೇ ಫೋನ್ ನಂಬರ್ ಕೊಡಬೇಕು, ಕೆಲಸ ಮುಗಿದ ಮೇಲೆ ಕಾರ್ಡನ್ನು ಅವರೇ ತೆಗೆದುಕೊಂಡು ಹೋಗಬೇಕು. ಸೊಸೈಟಿಯ ಬೀರುವಿನಲ್ಲಿ ಯಾರ ಕಾರ್ಡನ್ನೂ ಇಟ್ಟುಕೊಳ್ಳುವುದಿಲ್ಲ.

ಬೇಜಾರಾಗುತ್ತದೆ ಅಂತ ಗೊತ್ತು. ಯಶಸ್ವಿನಿ ನೋಂದಣಿ ಜೋರಾಗುವುದೂ ಕಾಫಿ ಕುಯ್ಲು ಶುರುವಾಗುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಕಣದಲ್ಲಿ ಕಾಫಿ ಹರಡಿ, ಆಕಾಶ ನೋಡುತ್ತಾ ಕೂತವರಿಗೆ ಗೊಬ್ಬರದ ಗೋಡೌನ್ ಪಕ್ಕದ ನಮ್ಮ ಕೌಂಟರ್‌ಗೆ ಬಂದು ಸಾಲಲ್ಲಿ ನಿಲ್ಲಿ ಅಂದರೆ ಯಾರಿಗೆ ಖುಷಿ ಆಗುತ್ತದೆ ಹೇಳಿ. ಆಡಳಿತ ಮಂಡಳಿ ಸಭೆಯಲ್ಲೂ ಇದೇ ಮಾತು ಬಂತು, ಸುಮ್ನೆ ಜನರಿಗೆ ಯಾಕೆ ತೊಂದರೆ, ಇಷ್ಟು ವರ್ಷ ನಡೆದುಕೊಂಡು ಬಂದಿದೆಯಲ್ಲ ಅಂತ. ಕೊನೆಗೆ ಬೇಕೇ ಬೇಕು ಅಂತ ತೀರ್ಮಾನ ಆಯ್ತು. ಯಾಕೆ ಅಂತ ಹೇಳುತ್ತೇವೆ, ಸ್ವಲ್ಪ ಉದ್ದ ಆಗುತ್ತದೆ.

ನಮ್ಮ ಸದಸ್ಯರೊಬ್ಬರು ಕಳೆದ ಮಳೆಗಾಲದಲ್ಲಿ ಫೋನ್ ಹಿಡಿದುಕೊಂಡು ಕೌಂಟರ್‌ಗೆ ಬಂದರು. ಅವರ ತಂದೆಯವರ ಆಯುಷ್ಮಾನ್ ಕಾರ್ಡ್ ಮೇಲೆ ಚಿಕಿತ್ಸೆಗೆ ಮಂಜೂರಾತಿ ಆಗಿದೆ ಅಂತ ಮೆಸೇಜ್ ಬಂದಿತ್ತು. ತಂದೆಯವರು ಮನೆಯಲ್ಲೇ ಒಲೆ ಪಕ್ಕ ಕೂತಿದ್ದಾರೆ! ಸ್ವಲ್ಪ ದಿನದ ಹಿಂದೆ ಮಂಡಿ ನೋವು ಅಂತ ಒಂದು ಆಸ್ಪತ್ರೆಗೆ ತೋರಿಸಿಕೊಂಡು ಬಂದಿದ್ದರು ಅಷ್ಟೇ, ಅಲ್ಲಿ ಕಾರ್ಡ್ ಕೊಡಿ ಅಂದಾಗ ಕೊಟ್ಟಿದ್ದರು, ಹೆಬ್ಬೆಟ್ಟು ಒತ್ತಿ ಅಂದಾಗ ಒತ್ತಿದ್ದರು. ಮಗ ಆಯುಷ್ಮಾನ್ ಸಹಾಯವಾಣಿ 14555ಕ್ಕೆ ಫೋನ್ ಮಾಡಿ ದೂರು ಕೊಟ್ಟರು, ಹಿಂದೆ ಬಿದ್ದು ವಿಚಾರಿಸಿದರು, ಕೊನೆಗೆ ಆ ಮಂಜೂರಾತಿ ರದ್ದಾಯಿತು. ಇಲ್ಲಿ ಗಮನಿಸಬೇಕಾದ್ದು ಒಂದೇ. ಕಾರ್ಡಿಗೆ ಅವರದೇ ಮನೆಯ ನಂಬರ್ ಜೋಡಣೆ ಆಗಿದ್ದರಿಂದ ಮೆಸೇಜ್ ಅವರಿಗೆ ಬಂತು. ರೈಟರ್ ನಂಬರ್ ಇದ್ದಿದ್ದರೆ ಇಂಥ ಮೆಸೇಜ್‌ಗಳ ರಾಶಿಯಲ್ಲಿ ಅದೂ ಒಂದಾಗಿ ಹೋಗುತ್ತಿತ್ತು.

ದುಡ್ಡು ಹೇಗೆ ಓಡಾಡುತ್ತದೆ ಅಂತ ತಿಳಿದರೆ ವಿಷಯ ಸುಲಭ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಒಂದೊಂದು ಚಿಕಿತ್ಸೆಗೆ ಯೋಜನೆ ಗೊತ್ತು ಮಾಡಿದ ಮೊತ್ತ) ಶೇ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ನಮ್ಮ ಯಶಸ್ವಿನಿಯಲ್ಲಿ ಗ್ರಾಮೀಣ ಸಹಕಾರ ಸಂಘದ ಸದಸ್ಯರು ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ, ಅದಕ್ಕಿಂತ ಜಾಸ್ತಿ ಇದ್ದರೆ ತಲಾ 100 ರೂಪಾಯಿ ಕಟ್ಟುತ್ತಾರೆ, ಅಲ್ಲೂ ಕುಟುಂಬಕ್ಕೆ 5 ಲಕ್ಷದ ಮಿತಿ. ಯಾವುದರಲ್ಲೂ ಹಣ ನಿಮ್ಮ ಕೈಗೆ ಬರುವುದಿಲ್ಲ. ಆಸ್ಪತ್ರೆ ಮೊದಲು ಅನುಮತಿ ಕೇಳುತ್ತದೆ, ಚಿಕಿತ್ಸೆ ಕೊಡುತ್ತದೆ, ನೀವು ಡಿಸ್ಚಾರ್ಜ್ ಆದ ಮೇಲೆ ಕಾಗದಪತ್ರ ಕಳಿಸುತ್ತದೆ, ಯೋಜನೆ ನಡೆಸುವ ಟ್ರಸ್ಟ್‌ನವರು ನೋಡಿ ಆಸ್ಪತ್ರೆಗೆ ಹಣ ಹಾಕುತ್ತಾರೆ. ಅಂದರೆ ರೋಗಿಯನ್ನು ಕಣ್ಣಾರೆ ನೋಡದವರು, ಬರೀ ಕಾಗದ ನೋಡಿ ದುಡ್ಡು ಕೊಡುವ ವ್ಯವಸ್ಥೆ ಇದು. ಕಾಗದದಲ್ಲಿರುವ ಹೆಸರು, ನಂಬರ್, ಸಹಿ ತಪ್ಪಾಗಿದ್ದರೆ ಮುಂದಿನದೆಲ್ಲಾ ತಪ್ಪು.

ಹೀಗೆ ಕೊಡಬಾರದ ಕಡೆ ಹೋದ ದುಡ್ಡಿಗೆ ಸಲ್ಲದ ಪಾವತಿ ಅನ್ನುತ್ತಾರೆ. ಹಾಗಂದ ಕೂಡಲೇ ಎಲ್ಲರೂ ಕಳ್ಳತನ ಅಂದುಕೊಳ್ಳುತ್ತಾರೆ. ಕಳ್ಳತನವೂ ಇದೆ. ಒಳರೋಗಿಯೇ ಅಲ್ಲದವರನ್ನು ದಾಖಲು ಮಾಡಿದ ಹಾಗೆ ತೋರಿಸುವುದು, ಜನರಲ್ ವಾರ್ಡ್‌ನಲ್ಲಿದ್ದವರನ್ನು ಐಸಿಯುನಲ್ಲಿದ್ದರು ಅಂತ ಬರೆಯುವುದು, ಸಣ್ಣ ಚಿಕಿತ್ಸೆಗೆ ದೊಡ್ಡ ಪ್ಯಾಕೇಜ್ ಹಾಕುವುದು, ಯೋಜನೆಯಿಂದಲೂ ತೆಗೆದುಕೊಂಡು ರೋಗಿಯ ಕೈಯಿಂದಲೂ ಕ್ಯಾಶ್ ವಸೂಲಿ ಮಾಡುವುದು. ಆದರೆ ಎಲ್ಲವೂ ಇಂಥದ್ದಲ್ಲ. ಹೆಸರಿನ ಕಾಗುಣಿತ ಬೇರೆ, ಅರ್ಹತೆ ಇಲ್ಲದವರ ಹೆಸರು ಪಟ್ಟಿಯಲ್ಲಿ ಉಳಿದಿದೆ, ಬೇಕಾದ ರಿಪೋರ್ಟ್ ಜೊತೆಗಿಟ್ಟಿಲ್ಲ, ಹೀಗೆ ಯಾರೂ ಕದಿಯದೆ, ಉದಾಸೀನದಿಂದಲೇ ತಪ್ಪು ಜಾಗಕ್ಕೆ ಹೋಗುವ ದುಡ್ಡೂ ಸಲ್ಲದ ಪಾವತಿಯೇ. ಈ ಎರಡನೇ ಜಾತಿಯದ್ದು ಶುರುವಾಗುವುದೇ ನಮ್ಮಂಥ ಸಣ್ಣ ಕೌಂಟರ್‌ಗಳಲ್ಲಿ. ಅದಕ್ಕೇ ಬಾಗಿಲು ನಾವೇ ಸರಿ ಮಾಡಿಕೊಳ್ಳೋಣ ಅಂತ.

2023ರ ಆಗಸ್ಟ್‌ನಲ್ಲಿ ಆಯುಷ್ಮಾನ್ ಯೋಜನೆ ಬಗ್ಗೆ ಸಿಎಜಿ, ಅಂದರೆ ಸರ್ಕಾರದ ಲೆಕ್ಕ ತಪಾಸಣೆ ಮಾಡುವವರ ವರದಿ ಸಂಸತ್ತಿನಲ್ಲಿ ಮಂಡನೆ ಆಯ್ತು, ನಿಮ್ಮಲ್ಲಿ ಕೆಲವರು ಪೇಪರ್‌ನಲ್ಲಿ ಓದಿರಬಹುದು. ಇಡೀ ದೇಶದ ಲೆಕ್ಕದಲ್ಲಿ 7,49,820 ಫಲಾನುಭವಿಗಳ ಹೆಸರಿನ ಮುಂದೆ ಒಂದೇ ಮೊಬೈಲ್ ನಂಬರ್ ಇತ್ತು, 9999999999. ಇನ್ನು 1,39,300 ಜನರಿಗೆ 8888888888. ನಂಬರ್ ಕೇಳುವ ಜಾಗದಲ್ಲಿ ಏನೋ ಒಂದು ತುಂಬಿಸಿ ಮುಂದೆ ಹೋದದ್ದು, ಬೇರೇನಲ್ಲ. ಅದೇ ವರದಿಯಲ್ಲಿ ಇನ್ನೊಂದಿದೆ. ಈ ಮೊದಲೇ ಚಿಕಿತ್ಸೆಯ ವೇಳೆ ತೀರಿಕೊಂಡರು ಅಂತ ದಾಖಲಾಗಿದ್ದ 3,446 ರೋಗಿಗಳ ಹೆಸರಲ್ಲಿ ಮತ್ತೆ ಬಂದ 3,903 ಕ್ಲೇಮ್‌ಗಳಿಗೆ 6.97 ಕೋಟಿ ರೂಪಾಯಿ ಪಾವತಿ ಆಗಿತ್ತು.

ಸರ್ಕಾರದ ಉತ್ತರವನ್ನೂ ಹೇಳದಿದ್ದರೆ ನ್ಯಾಯವಲ್ಲ. ಫಲಾನುಭವಿಯನ್ನು ಗುರುತಿಸುವುದು ಆಧಾರ್ ಮೂಲಕ, ಚಿಕಿತ್ಸೆ ಕೊಡಲು ಮೊಬೈಲ್ ನಂಬರ್ ನೋಡುವುದಿಲ್ಲ ಅಂತ ಅವರು ಹೇಳಿದರು. ನೆಟ್‌ವರ್ಕ್ ಇಲ್ಲದ ಕಡೆ, ತುರ್ತು ಇರುವ ಕಡೆ ರೋಗಿ ದಾಖಲಾಗಿ ಮೂರು ದಿನದೊಳಗೆ ಅನುಮತಿ ಕೇಳಬಹುದು ಅಂತ ಅವಕಾಶ ಇತ್ತು, ಅಷ್ಟರೊಳಗೆ ರೋಗಿ ತೀರಿಕೊಂಡರೆ ತಾರೀಕು ಹಿಂದೆಮುಂದೆ ಆಗುತ್ತದೆ ಅಂತಲೂ ಹೇಳಿದರು. ಒಬ್ಬರೇ ಎರಡು ಆಸ್ಪತ್ರೆಯಲ್ಲಿ ಒಂದೇ ಹೊತ್ತಿಗೆ ಇದ್ದ ಹಾಗೆ ವರದಿಯಲ್ಲಿ ಕಂಡದ್ದಕ್ಕೂ ಒಂದು ವಿವರಣೆ ಬಂತು: ಹೆರಿಗೆ ಒಂದು ಕಡೆ, ಮಗುವನ್ನು ಸೇರಿಸಿದ್ದು ಇನ್ನೊಂದು ಕಡೆ, ಕಾರ್ಡ್ ಮಾತ್ರ ತಾಯಿಯದು. ಜುಲೈ ತಿಂಗಳಲ್ಲಿ ಕರೆಂಟ್, ನೆಟ್‌ವರ್ಕ್ ಎರಡೂ ಹೋಗಿ ದಿನಗಟ್ಟಲೆ ಕತ್ತಲಲ್ಲಿ ಕೂರುವ ನಮಗೆ ಇದು ನಂಬಲಾಗದ ಮಾತೇನಲ್ಲ. ಆದರೂ ಕೇಳಿ, ನಂಬರ್ ಸರಿ ಇದ್ದಿದ್ದರೆ ಆಯಾ ಮನೆಗೇ ಫೋನ್ ಮಾಡಿ ಹೌದಾ ಅಲ್ವಾ ಅಂತ ಕೇಳಿಬಿಡಬಹುದಿತ್ತು. ನಂಬರೇ ಸುಳ್ಳಾದರೆ ಪ್ರಾಮಾಣಿಕ ಆಸ್ಪತ್ರೆಗೂ ಸಾಬೀತು ಮಾಡುವ ದಾರಿ ಇಲ್ಲ, ಕಳ್ಳನನ್ನು ಹಿಡಿಯುವ ದಾರಿಯೂ ಇಲ್ಲ.

ಆದ್ದರಿಂದ ನಂಬರ್ ವಿಷಯದಲ್ಲಿ ನಾವು ಗಟ್ಟಿ. ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ಎಲ್ಲರ ಹತ್ತಿರ ಫೋನ್ ಇರುವುದಿಲ್ಲ, ನಿಜ. ಮನೆಯಲ್ಲಿ ಒಂದು ಫೋನ್ ಇದ್ದರೆ ಇಡೀ ಕುಟುಂಬಕ್ಕೆ ಅದೇ ಕೊಡಿ, ತೊಂದರೆ ಇಲ್ಲ. ಫೋನೇ ಇಲ್ಲದಿದ್ದರೆ ಮಗಳದೋ ತಮ್ಮನದೋ, ರಕ್ತಸಂಬಂಧಿಯ ನಂಬರ್ ಆಗಬಹುದು. ಮಾಲೀಕರದು, ರೈಟರ್‌ದು, ಮೇಸ್ತ್ರಿಯದು, ನಮ್ಮ ಸೊಸೈಟಿ ಗುಮಾಸ್ತರದು ಆಗುವುದಿಲ್ಲ. ಕೌಂಟರ್‌ನಲ್ಲಿ ನಿಂತಿದ್ದಾಗಲೇ ಆ ನಂಬರ್‌ಗೆ ಒಂದು ಕರೆ ಮಾಡುತ್ತೇವೆ, ರಿಂಗ್ ಆದರೆ ಮಾತ್ರ ಬರೆಯುತ್ತೇವೆ. ಸಿಮ್ ಬದಲಾಯಿಸಿದರೆ ಬಂದು ಹೇಳಿ.

ಹೆಸರುಗಳ ವಿಷಯ. ನವೀಕರಣ ಅಂದರೆ ಹಳೇ ಪಟ್ಟಿಯನ್ನೇ ಹಾಗೇ ನಕಲು ಮಾಡಿ ದುಡ್ಡು ಕಟ್ಟುವುದಲ್ಲ. ಇಲಾಖೆಯಿಂದ ಇಷ್ಟು ನೋಂದಣಿ ಆಗಬೇಕು ಅಂತ ಗುರಿ ಬರುತ್ತದೆ, ಗುರಿ ಮುಟ್ಟುವ ಆತುರದಲ್ಲಿ ತೀರಿಕೊಂಡ ಅಜ್ಜಿ ಹೆಸರೂ, ಮದುವೆಯಾಗಿ ಹೋದ ಮಗಳ ಹೆಸರೂ ಪಟ್ಟಿಯಲ್ಲಿ ವರ್ಷದಿಂದ ವರ್ಷಕ್ಕೆ ಸಾಗುತ್ತದೆ. ಗುರಿ ಕಡಿಮೆಯಾದರೆ ಆಗಲಿ, ಉತ್ತರ ನಾವು ಕೊಡುತ್ತೇವೆ. ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರದ ಒಂದು ಪ್ರತಿ ತನ್ನಿ, ಷೇರು ವರ್ಗಾವಣೆಗೆ ಹೇಗೂ ತರಲೇಬೇಕಲ್ಲ, ಜೊತೆಗೇ ಇದೂ ಮುಗಿಯುತ್ತದೆ. ಬೆಂಗಳೂರಿನಲ್ಲಿ ಒಳ್ಳೆ ಕೆಲಸದಲ್ಲಿರುವ ಮಕ್ಕಳನ್ನು ಸೇರಿಸಿ ಅಂತ ಕೆಲವರು ಒತ್ತಾಯ ಮಾಡುತ್ತಾರೆ. ಸರ್ಕಾರಿ ನೌಕರರಿಗೆ, ಖಾಸಗಿಯಲ್ಲಿ ತಿಂಗಳಿಗೆ 30,000 ರೂಪಾಯಿಗಿಂತ ಜಾಸ್ತಿ ಸಂಬಳ ಇರುವವರಿಗೆ ಯಶಸ್ವಿನಿ ಇಲ್ಲ. ಎಷ್ಟೇ ಬೇಕಾದವರಾದರೂ ದಯವಿಟ್ಟು ಕೇಳಬೇಡಿ.

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಸದಸ್ಯರ ವಂತಿಗೆಯನ್ನು ಸರ್ಕಾರವೇ ಭರಿಸುತ್ತದೆ. ಹಾಡಿಗಳಿಂದ (ಆದಿವಾಸಿಗಳ ಊರುಗಳಿಂದ) ಬರುವವರು ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರ್ ತಂದರೆ ಸಾಕು. ನಿಮ್ಮ ಹೆಸರು ಸೇರಿಸಿಕೊಡುತ್ತೇನೆ ಅಂತ ಮಧ್ಯದಲ್ಲಿ ಯಾರಾದರೂ 500 ರೂಪಾಯಿ ಕೇಳಿದರೆ ಕೊಡಬೇಡಿ, ನಮ್ಮ ಸಿಬ್ಬಂದಿಯೇ ಕೇಳಿದರೂ ಕೊಡಬೇಡಿ, ಅಧ್ಯಕ್ಷರಿಗೆ ಹೇಳಿ.

ಇನ್ನು ಆಸ್ಪತ್ರೆಯಲ್ಲಿ ನೀವು ನೋಡಿಕೊಳ್ಳಬೇಕಾದದ್ದು. ನಮ್ಮಲ್ಲಿ ಮೆಣಸು ತಂದವರು ತೂಕದ ಚೀಟಿಯನ್ನು ಎರಡು ಸಲ ಓದದೆ ಹೋಗುವುದಿಲ್ಲ, ಅರ್ಧ ಕಿಲೋ ವ್ಯತ್ಯಾಸ ಬಂದರೂ ತಕ್ಕಡಿ ಮುಂದೆ ಜಗಳಕ್ಕೆ ನಿಲ್ಲುತ್ತಾರೆ. ಅದೇ ಜನ ಮೈಸೂರಿನಲ್ಲೋ ಮಂಗಳೂರಿನಲ್ಲೋ ಡಿಸ್ಚಾರ್ಜ್ ದಿನ ಕೊಟ್ಟ ಕಾಗದಕ್ಕೆಲ್ಲಾ ನೋಡದೆ ಸಹಿ ಹಾಕಿ ಸಂಜೆ ಬಸ್ ಹಿಡಿಯಲು ಓಡುತ್ತಾರೆ. ಸರ್ಕಾರದ ದುಡ್ಡು, ನಮಗೇನು ಅಂತ. ಸರ್ಕಾರದ್ದಲ್ಲ ಸ್ವಾಮಿ, ಹೋಗುವುದು ನಿಮ್ಮ ಕುಟುಂಬದ 5 ಲಕ್ಷದಿಂದ. ಜನವರಿಯಲ್ಲಿ ಮಾಡದ ಆಪರೇಷನ್‌ಗೆ ಒಂದು ಲಕ್ಷ ಕಳೆದರೆ ಅದೇ ವರ್ಷ ಮನೆಯವರ ಹೃದಯಕ್ಕೆ ಸ್ಟೆಂಟ್ ಹಾಕಿಸಬೇಕಾದಾಗ ಆ ಒಂದು ಲಕ್ಷ ಇರುವುದಿಲ್ಲ. ಸಹಿಗೆ ಮೊದಲು ನಾಲ್ಕು ವಿಷಯ ನೋಡಿ: ಸೇರಿದ ತಾರೀಕು, ಬಿಟ್ಟ ತಾರೀಕು, ಏನು ಚಿಕಿತ್ಸೆ, ಎಷ್ಟು ಮೊತ್ತ. ಇಂಗ್ಲಿಷ್ ಬಾರದಿದ್ದರೆ ಅಲ್ಲಿ ಯೋಜನೆಯ ರೋಗಿಗಳ ಸಹಾಯಕ್ಕೆ ಇರುವ ಆರೋಗ್ಯ ಮಿತ್ರರನ್ನು ಕೇಳಿ, ಓದಿ ಹೇಳುವುದು ಅವರ ಕೆಲಸ. ಖಾಲಿ ಹಾಳೆಗೆ ಹೆಬ್ಬೆಟ್ಟು ಒತ್ತಲೇಬೇಡಿ.

ಔಷಧಿ ವಿಷಯದಲ್ಲಿ ತುಂಬಾ ಜನರಿಗೆ ಗೊತ್ತಿಲ್ಲ. ಆಯುಷ್ಮಾನ್ ನಿಯಮದ ಪ್ರಕಾರ ದಾಖಲಾಗುವ ಮೊದಲಿನ 3 ದಿನದ ಪರೀಕ್ಷೆ ಮತ್ತು ಡಿಸ್ಚಾರ್ಜ್ ಆದ ಮೇಲೆ 15 ದಿನದ ಔಷಧಿ ಪ್ಯಾಕೇಜ್‌ನಲ್ಲೇ ಸೇರಿದೆ. ಹೊರಗಿನ ಮೆಡಿಕಲ್‌ನಿಂದ ತನ್ನಿ ಅಂತ ಚೀಟಿ ಕೊಟ್ಟರೆ, ಅಥವಾ ಪ್ಯಾಕೇಜ್ ಸಾಲುವುದಿಲ್ಲ, ಕೈಯಿಂದ ಇಷ್ಟು ಕಟ್ಟಿ ಅಂದರೆ, ರಸೀದಿ ಕೇಳಿ. ರಸೀದಿ ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಂದಲೇ 14555ಕ್ಕೆ ಫೋನ್ ಮಾಡಿ. ಮನೆಗೆ ಬಂದ ಮೇಲೆ ದೂರು ಕೊಡಲು ನಮ್ಮ ಸಿಬ್ಬಂದಿ ಸಹಾಯ ಮಾಡುತ್ತಾರೆ. ಆದರೆ ಕಾಗದ ಒಂದೂ ಇಲ್ಲದೆ ಬಂದರೆ ನಮ್ಮ ಕೈಯಲ್ಲೂ ಏನೂ ಆಗುವುದಿಲ್ಲ.

ತೋಟದ ಮಾಲೀಕರಲ್ಲಿ ಒಂದು ವಿನಂತಿ. ಅಸ್ಸಾಂನಿಂದ ಬಂದ ಕೆಲಸಗಾರರಿಗೆ ಹುಷಾರಿಲ್ಲ ಅಂತ ಪಕ್ಕದ ಲೈನ್‌ನವರ ಕಾರ್ಡ್ ಕೊಟ್ಟು ಕಳಿಸುವುದು ಅಲ್ಲಲ್ಲಿ ನಡೆಯುತ್ತಿದೆ. ಕರುಣೆಯಿಂದಲೇ ಮಾಡುತ್ತೀರಿ, ಅದು ಗೊತ್ತು. ಆದರೆ ಇವರ ರಕ್ತದ ಗುಂಪು, ಇವರ ಕಾಯಿಲೆ ಅವರ ದಾಖಲೆಯಲ್ಲಿ ಸೇರಿಹೋಗುತ್ತದೆ. ನಾಳೆ ನಿಜವಾದ ಕಾರ್ಡುದಾರರು ಆಸ್ಪತ್ರೆಗೆ ಹೋದಾಗ ವೈದ್ಯರು ಯಾವುದನ್ನು ನಂಬಬೇಕು? ಆ ಕೆಲಸಗಾರರ ಹತ್ತಿರ ಅವರ ಊರಿನ ಆಯುಷ್ಮಾನ್ ಕಾರ್ಡ್ ಇದ್ದರೆ ಅದು ಇಲ್ಲಿನ ನೋಂದಾಯಿತ ಆಸ್ಪತ್ರೆಗಳಲ್ಲೂ ನಡೆಯುತ್ತದೆ, ಯೋಜನೆ ಇರುವುದೇ ಹಾಗೆ. ಅವರನ್ನು ಕರೆದುಕೊಂಡು ಬನ್ನಿ, ಕಾರ್ಡ್ ಇದೆಯಾ ಅಂತ ಆಧಾರ್ ಹಾಕಿ ನೋಡಿಕೊಡುತ್ತೇವೆ.

ಕಟ್ಟುನಿಟ್ಟು ಅಂತ ಹೇಳಿ ನಿಜವಾದವರನ್ನೇ ಹೊರಗೆ ಹಾಕಿದರೆ ಈ ಬದಲಾವಣೆಗೆ ಅರ್ಥವೇ ಇಲ್ಲ. ಹಾಸಿಗೆ ಹಿಡಿದವರು, ತುಂಬಾ ವಯಸ್ಸಾದವರು ಬರಬೇಕಾಗಿಲ್ಲ, ಹೇಳಿ ಕಳಿಸಿದರೆ ನಮ್ಮವರೇ ಮನೆಗೆ ಬರುತ್ತಾರೆ. ಕಾಫಿ ಕುಯ್ದು, ಮರಗಸಿ (ನೆರಳು ಮರದ ಕೊಂಬೆ ಕಡಿಯುವ ಕೆಲಸ) ಮಾಡಿ ಬೆರಳ ಗೆರೆ ಸವೆದವರಿಗೆ ಯಂತ್ರ ಹೆಬ್ಬೆಟ್ಟು ಹಿಡಿಯುವುದಿಲ್ಲ, ಅಂಥವರನ್ನು ವಾಪಸ್ ಕಳಿಸುವುದಿಲ್ಲ, ಆಧಾರ್‌ಗೆ ಜೋಡಿಸಿದ ಫೋನ್‌ಗೆ ಬರುವ ಓಟಿಪಿಯಲ್ಲಿ ಕೆಲಸ ಮುಗಿಸುತ್ತೇವೆ. ಫೋನ್ ಜೋಡಣೆಯೂ ಇಲ್ಲ ಅಂದರೆ ಮೊದಲು ಆಧಾರ್ ಕೇಂದ್ರಕ್ಕೆ ಹೋಗಿಬರಬೇಕು, ಅದಕ್ಕೆ ಬೇರೆ ದಾರಿ ಇಲ್ಲ.

ಕೌಂಟರ್ ಬೆಳಿಗ್ಗೆ 10ರಿಂದ ಮಧ್ಯಾಹ್ನ 1ರವರೆಗೆ. ಕುಯ್ಲು ಮುಗಿಯುವವರೆಗೆ ಸಂತೆ ದಿನ ಮಾತ್ರ ಸಂಜೆ 6ರವರೆಗೆ ತೆರೆದಿಡುತ್ತೇವೆ, ಕೆಲಸ ಬಿಟ್ಟು ಬರುವುದು ಬೇಡ ಅಂತ. ಬರುವಾಗ ಆಧಾರ್, ರೇಷನ್ ಕಾರ್ಡ್, ಮನೆಯವರೆಲ್ಲರ ಒಂದೊಂದು ಫೋಟೋ, ಮತ್ತು ಫೋನ್ ತನ್ನಿ. ಫೋನ್ ಚಾರ್ಜ್ ಮಾಡಿಕೊಂಡೇ ಬನ್ನಿ, ನಮ್ಮಲ್ಲಿ ಇರುವುದು ಒಂದೇ ಪ್ಲಗ್ ಪಾಯಿಂಟ್, ಅದರಲ್ಲಿ ಪ್ರಿಂಟರ್ ಇದೆ.

ಇಂತಿ ನಿಮ್ಮ,
ಕಾರ್ಯದರ್ಶಿ ಮತ್ತು ಆಡಳಿತ ಮಂಡಳಿ